ಪರಸಾಕ್ಷಿಯ ಶುದ್ಧಿ: ಆರಕ್ಷಕರ ಮೇಲಿನ ದೂರು ಮತ್ತು ಸುರಪುರ ಸೀಮೆಯ ಇತಿಹಾಸ

ಮುನಿಧರ್ಮದಲ್ಲಿ ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಆಲೋಚನೆ. ತಾನು ಎಸಗಿದ ದೋಷವನ್ನು ಗುರುವಿನ ಸನ್ನಿಧಿಯಲ್ಲಿ ಮುಚ್ಚುಮರೆಯಿಲ್ಲದೆ ನಿವೇದಿಸುವುದೇ ಅದರ ಅರ್ಥ. ಇಲ್ಲಿ ನಮ್ಮ ಪೂರ್ವಾಚಾರ್ಯರು ಒಂದು ಸೂಕ್ಷ್ಮವನ್ನು ಗಮನಿಸಿದ್ದಾರೆ. ಸಂಘದ ಇತರರಿಗೆಲ್ಲ ಪ್ರಾಯಶ್ಚಿತ್ತ ವಿಧಿಸುವ, 36 ಗುಣಗಳಿಂದ ಕೂಡಿದ ಆಚಾರ್ಯನೂ ತನ್ನ ದೋಷದ ವಿಷಯದಲ್ಲಿ ತಾನೇ ತೀರ್ಪುಗಾರನಾಗುವಂತಿಲ್ಲ. ಅವನ ಶುದ್ಧಿಯೂ ಪರಸಾಕ್ಷಿಯಲ್ಲಿಯೇ ಆಗಬೇಕು. ಆಚಾರ್ಯನು ದುಷ್ಟನೆಂಬ ಶಂಕೆಯಿಂದ ಹುಟ್ಟಿದ ನಿಯಮವಲ್ಲ ಇದು. ತನ್ನ ತಪ್ಪನ್ನು ತಾನೇ ಅಳೆಯುವಾಗ ಎಂತಹವನ ಕೈಯಲ್ಲಿಯೂ ತಕ್ಕಡಿ ವಾಲುತ್ತದೆಂಬ ಅರಿವು ಇದರ ಮೂಲ.

ದಂಡಾಧಿಕಾರವನ್ನು ಹೊತ್ತವರಿಗೂ ಈ ನಿಯಮ ಸಲ್ಲಬೇಕಲ್ಲವೇ? ಆರಕ್ಷಕನೇ ಹಿಂಸೆಗೈದಾಗ ನೊಂದವನು ಯಾರ ಬಳಿಗೆ ಹೋಗಬೇಕು? ಯಾದಗಿರಿ, ಶಹಾಪುರ, ಸುರಪುರಗಳ ಇತಿಹಾಸವನ್ನು ಈ ಪ್ರಶ್ನೆಯೊಡನೆ ಓದಿದರೆ ಅನೇಕ ಸಂಗತಿಗಳು ಸ್ಪಷ್ಟವಾಗುತ್ತವೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸುರಪುರವು ನಾಯಕ ಅರಸರ ಸಂಸ್ಥಾನವಾಗಿತ್ತು. ರಾಜಾ ವೆಂಕಟಪ್ಪ ನಾಯಕನು ಬಾಲಕನಾಗಿದ್ದ ಕಾರಣ 1853ರವರೆಗೆ ಸುಮಾರು ಹನ್ನೊಂದು ವರ್ಷಗಳ ಕಾಲ ಆಡಳಿತವನ್ನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ನೋಡಿಕೊಂಡನು. ಕಂದಾಯ, ಕಾವಲು, ನ್ಯಾಯ ಮೂರೂ ಒಂದೇ ಕಚೇರಿಯ ಅಧೀನದಲ್ಲಿದ್ದವು. ಟೇಲರನು ಪ್ರಜಾಹಿತವನ್ನು ಬಯಸಿದವನೆಂಬ ಕೀರ್ತಿ ಇಂದಿಗೂ ಆ ಸೀಮೆಯಲ್ಲಿದೆ. ಆದರೆ ಅಂತಹ ವ್ಯವಸ್ಥೆಯಲ್ಲಿ ಪ್ರಜೆಯ ನೆಮ್ಮದಿಯು ಒಬ್ಬ ವ್ಯಕ್ತಿಯ ಸೌಜನ್ಯವನ್ನೇ ಅವಲಂಬಿಸುತ್ತದೆ. ಸೌಜನ್ಯವು ವ್ಯಕ್ತಿಯೊಡನೆ ಊರು ಬಿಟ್ಟು ಹೋಗುತ್ತದೆ, ಅಧಿಕಾರವು ಉಳಿಯುತ್ತದೆ. 1858ರ ಬಂಡಾಯದಲ್ಲಿ ತರುಣ ರಾಜನು ಅಳಿದನು. 1860ರಲ್ಲಿ ಸಂಸ್ಥಾನವು ನಿಜಾಮರ ರಾಜ್ಯಕ್ಕೆ ಸೇರಿತು.

ಇದೇ ಕಾಲದಲ್ಲಿ ನೆರೆಯ ಮದರಾಸು ಪ್ರಾಂತದಲ್ಲಿ, ಎಂದರೆ ಅಂದಿನ ಬಳ್ಳಾರಿಯನ್ನೂ ಒಳಗೊಂಡ ಸೀಮೆಯಲ್ಲಿ, ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಚಿತ್ರಹಿಂಸೆ ನಡೆಯುತ್ತಿದೆಯೆಂಬ ದೂರುಗಳನ್ನು ಪರಿಶೀಲಿಸಲು ಒಂದು ಆಯೋಗ ನೇಮಕಗೊಂಡಿತು. 1855ರ ಅದರ ವರದಿಯು ಹಿಂಸೆ ನಡೆಯುತ್ತಿರುವುದನ್ನು ಒಪ್ಪಿಕೊಂಡಿತು. ನೊಂದವರಿಗೆ ಪರಿಹಾರ ದೊರೆಯುವುದು ಎಷ್ಟು ದುಸ್ತರವೆಂಬುದನ್ನೂ ಎತ್ತಿ ಹೇಳಿತು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದೆಂಬ ನಿಯಮವು 1872ರ ಸಾಕ್ಷ್ಯ ಅಧಿನಿಯಮದಲ್ಲಿ ನೆಲೆಗೊಂಡಿತು. 2023ರ ಹೊಸ ಸಾಕ್ಷ್ಯ ಕಾನೂನಿನಲ್ಲಿಯೂ ಅದು ಉಳಿದಿದೆ. ಠಾಣೆಯ ಗೋಡೆಗಳೊಳಗೆ ನಡೆದುದಕ್ಕೆ ಠಾಣೆಯ ಮಾತೊಂದೇ ಪ್ರಮಾಣವಾಗದೆಂಬುದನ್ನು ಕಾನೂನು ಅಂದೇ ಒಪ್ಪಿಕೊಂಡಿತ್ತು.

ಹೈದರಾಬಾದು ಸಂಸ್ಥಾನದ ಇತಿಹಾಸದಲ್ಲಿ ಪ್ರಶಂಸೆಗೆ ಅರ್ಹವಾದ ಒಂದು ಸಂಗತಿಯಿದೆ. 1921ರಲ್ಲಿ ಅಲ್ಲಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲಾಯಿತು. ದೇಶದಾದ್ಯಂತ ಈ ಪ್ರತ್ಯೇಕತೆಯು ಒಂದು ಕ್ರಮಕ್ಕೆ ಬಂದುದು 1973ರ ದಂಡಪ್ರಕ್ರಿಯಾ ಸಂಹಿತೆಯು 1974ರಲ್ಲಿ ಜಾರಿಗೆ ಬಂದ ಬಳಿಕ. ಆದರೂ ದೊಡ್ಡ ಜಹಗೀರುಗಳಲ್ಲಿ ಕಾವಲು ಮತ್ತು ನ್ಯಾಯಗಳೆರಡೂ ಜಹಗೀರುದಾರರ ಕೈಯಲ್ಲಿದ್ದುದರಿಂದ ಅಲ್ಲಿನ ರೈತನಿಗೆ ಈ ಸುಧಾರಣೆಯ ಫಲ ದೊರೆತುದು ಸ್ವಲ್ಪವೇ. 1949ರಲ್ಲಿ ಜಹಗೀರುಗಳು ರದ್ದಾದವು.

ಅದಕ್ಕೆ ಒಂದು ವರ್ಷ ಮೊದಲಿನ ಘಟನೆಗಳನ್ನು ಮೌನವಾಗಿ ದಾಟುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ. ರಜಾಕಾರರ ದೌರ್ಜನ್ಯಗಳಿಂದ ನೊಂದ ಈ ಸೀಮೆಯು 1948ರ ಸೆಪ್ಟೆಂಬರ್ 17ರ ವಿಲೀನದ ಬಳಿಕ ಪ್ರತೀಕಾರದ ಹಿಂಸೆಯನ್ನೂ ಕಂಡಿತು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್ ಅವರ ನೇತೃತ್ವದ ನಿಯೋಗವನ್ನು ಕಳುಹಿಸಿದರು. ಯಾದಗಿರಿ, ಶಹಾಪುರ, ಸುರಪುರಗಳು ಸೇರಿದ್ದ ಅಂದಿನ ಗುಲಬರ್ಗಾ ಜಿಲ್ಲೆಯನ್ನು ಆ ನಿಯೋಗವು ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಒಂದೆಂದು ಎಣಿಸಿತು. ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಯಲ್ಲಿ ಪಾಲ್ಗೊಂಡರೆಂದು ದಾಖಲಿಸಿತು. ಹೊರಗಿನವರು ಬಂದು ನೋಡಿದರು, ಕೇಳಿದರು, ಬರೆದರು. ಆದರೆ ಆ ವರದಿಯನ್ನು ಸರ್ಕಾರವು ದಶಕಗಳ ಕಾಲ ಪ್ರಕಟಿಸಲಿಲ್ಲ. ಸಾಕ್ಷಿಯು ದೊರೆತರೂ ಆಲೋಚನೆಯು ನಡೆಯಲಿಲ್ಲ. ಆದ್ದರಿಂದ ನೊಂದ ಮನೆಗಳಿಗೆ, ಅವು ಯಾವ ಮತದವರದೇ ಆಗಿರಲಿ, ಸಾಂತ್ವನವೂ ದೊರೆಯಲಿಲ್ಲ.

1956ರ ನವೆಂಬರ್ 1ರಂದು ಈ ಪ್ರದೇಶವು ಮೈಸೂರು ರಾಜ್ಯವನ್ನು ಸೇರಿತು. 1977ರಲ್ಲಿ ರಚಿತವಾದ ರಾಷ್ಟ್ರೀಯ ಪೊಲೀಸ್ ಆಯೋಗವು 1979ರ ತನ್ನ ಮೊದಲ ವರದಿಯಲ್ಲಿಯೇ, ಬಂಧನದಲ್ಲಿ ಸಾವು, ತೀವ್ರ ಗಾಯ ಅಥವಾ ಅತ್ಯಾಚಾರದ ಆರೋಪವಿದ್ದಾಗ ನ್ಯಾಯಾಧೀಶರಿಂದಲೇ ವಿಚಾರಣೆ ನಡೆಯಬೇಕೆಂದು ಸಲಹೆ ನೀಡಿತು. ಕರ್ನಾಟಕದಲ್ಲಿ 1984ರ ಲೋಕಾಯುಕ್ತ ಅಧಿನಿಯಮವು ಪೊಲೀಸರನ್ನೂ ಒಳಗೊಂಡಂತೆ ಸರ್ಕಾರಿ ನೌಕರರ ಮೇಲಿನ ದೂರಿಗೆ ಒಂದು ಬಾಗಿಲನ್ನು ತೆರೆಯಿತು. 1993ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸ್ಥಾಪನೆಯಾಗಿ, ಬಂಧನದಲ್ಲಿನ ಸಾವನ್ನು 24 ಗಂಟೆಗಳೊಳಗೆ ತನಗೆ ತಿಳಿಸಬೇಕೆಂದು ವಿಧಿಸಿತು. ಆದರೆ ಆಯೋಗದ ಅಧಿಕಾರವು ಶಿಫಾರಸು ಮಾಡುವಷ್ಟೇ. 1996ರ ಡಿ. ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಬಂಧನದ ಕಾಲಕ್ಕೆ ಪಾಲಿಸಬೇಕಾದ 11 ನಿಯಮಗಳನ್ನು ನಿಗದಿಪಡಿಸಿತು.

2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪು ಹೊರಬಂದಿತು. ಪ್ರತಿ ರಾಜ್ಯದಲ್ಲಿಯೂ ಪ್ರತಿ ಜಿಲ್ಲೆಯಲ್ಲಿಯೂ ಪೊಲೀಸ್ ದೂರು ಪ್ರಾಧಿಕಾರವಿರಬೇಕು. ರಾಜ್ಯಮಟ್ಟದಲ್ಲಿ ಉಚ್ಚ ಅಥವಾ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಯೂ ಜಿಲ್ಲೆಯಲ್ಲಿ ನಿವೃತ್ತ ಜಿಲ್ಲಾ ನ್ಯಾಯಾಧೀಶರೂ ಅಧ್ಯಕ್ಷರಾಗಿರಬೇಕು. ಪ್ರಾಧಿಕಾರದ ಶಿಫಾರಸು ಇಲಾಖೆಯನ್ನು ಬದ್ಧಗೊಳಿಸಬೇಕು ಎಂದು ನ್ಯಾಯಾಲಯ ನಿರ್ದೇಶಿಸಿತು. 2012ರ ತಿದ್ದುಪಡಿಯ ಮೂಲಕ ಕರ್ನಾಟಕ ಪೊಲೀಸ್ ಅಧಿನಿಯಮವು ರಾಜ್ಯ ಮತ್ತು ಜಿಲ್ಲಾ ಪ್ರಾಧಿಕಾರಗಳಿಗೆ ಸ್ಥಾನ ನೀಡಿತು. ಉತ್ತರ ಐರ್ಲೆಂಡಿನಂತಹ, ಕಲಹದಿಂದ ಜರ್ಜರಿತವಾದ ನಾಡಿನಲ್ಲಿ 2000ದಲ್ಲಿ ಆರಂಭವಾದ ಸ್ವತಂತ್ರ ಪೊಲೀಸ್ ಓಂಬುಡ್ಸ್‌ಮನ್ ಕಚೇರಿಗೆ ತನ್ನದೇ ಆದ ತನಿಖಾಧಿಕಾರಿಗಳಿದ್ದಾರೆ. ತನಿಖೆಗಾಗಿ ದೂರಿಗೆ ಗುರಿಯಾದ ಇಲಾಖೆಯನ್ನೇ ಆಶ್ರಯಿಸಬೇಕಾದ ಪ್ರಾಧಿಕಾರವು ಹೆಸರಿಗೆ ಮಾತ್ರ ಪರಸಾಕ್ಷಿಯಾದೀತು.

ಇನ್ನೊಂದು ಸಂಗತಿ ದೂರದ್ದು. ನ್ಯಾಯವು ಈ ಸೀಮೆಗೆ ನಿಧಾನವಾಗಿ ಸಮೀಪಿಸಿದೆ. 2008ರಲ್ಲಿ ಗುಲಬರ್ಗಾಕ್ಕೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂದಿತು. 2013ರಲ್ಲಿ ಅದು ಕಾಯಂ ಆಯಿತು. 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಆದರೂ ಶಹಾಪುರದ ಕೂಲಿಕಾರನಿಗೆ, ಸುರಪುರದ ಹಳ್ಳಿಯ ವಿಧವೆಗೆ ಬೆಂಗಳೂರು ಸುಮಾರು 500 ಕಿಲೋಮೀಟರ್ ದೂರದಲ್ಲಿದೆ. ಹಾಗೆಂದೇ ಜಿಲ್ಲಾ ಪ್ರಾಧಿಕಾರವು ಜೀವಂತವಾಗಿರಬೇಕು. ಅದರ ವಿಳಾಸವು ಪ್ರತಿ ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕು. 1855ರ ವರದಿಯು ಕಂಡ ಕಷ್ಟ ಇಂದಿಗೂ ಉಳಿದಿರುವುದು ಇಲ್ಲಿಯೇ.

ಆರಕ್ಷಕರಲ್ಲಿ ಬಹುಮಂದಿ ದೀರ್ಘ ಹೊತ್ತು ದುಡಿಯುವ ಬಡ ಮನೆಗಳ ಮಕ್ಕಳು. ಸುಳ್ಳು ದೂರಿನಿಂದ ಅವರಿಗೂ ನೋವಾಗುತ್ತದೆ. ಮೇಲಧಿಕಾರಿಯು ಆರೋಪವನ್ನು ತಳ್ಳಿಹಾಕಿದರೆ ಊರಿನ ಸಂಶಯ ನೀಗುವುದಿಲ್ಲ; ಹೊರಗಿನ ನ್ಯಾಯಾಧೀಶರು ನಿರ್ದೋಷಿಯೆಂದರೆ ನೀಗುತ್ತದೆ. ಆದುದರಿಂದ ಪರಸಾಕ್ಷಿಯು ಇಬ್ಬರಿಗೂ ಉಪಕಾರಿ. ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಗೆ ಮೂರು ಬಾಗಿಲುಗಳನ್ನು ನಮ್ಮ ಶಾಸ್ತ್ರಗಳು ಹೇಳುತ್ತವೆ. ನೆರೆಯವನು ಠಾಣೆಯಲ್ಲಿ ಹೊಡೆಸಿಕೊಂಡು ಬಂದಾಗ ಅವನ ದೂರನ್ನು ಬರೆದುಕೊಡಲು ಹಿಂಜರಿಯುವ ಅಕ್ಷರಸ್ಥನು, ತಾನು ಮೂರನೆಯ ಬಾಗಿಲಿನಲ್ಲಿ ನಿಂತಿಲ್ಲವೇ ಎಂದು ತನ್ನನ್ನು ಕೇಳಿಕೊಳ್ಳಬೇಕಾಗಿದೆ.