ಡೇಟಾಬೇಸ್ ಸ್ಥಳಾಂತರ: ಬ್ಯಾಕಪ್–ರಿಸ್ಟೋರ್ ವಿಧಾನ

ಒಂದು ಸರ್ವರಿನ ಡೇಟಾಬೇಸನ್ನು ಬ್ಯಾಕಪ್ ಕಡತವಾಗಿ ತೆಗೆದು, ಮತ್ತೊಂದು ಸರ್ವರಿನಲ್ಲಿ ಅದನ್ನು ರಿಸ್ಟೋರ್ ಮಾಡಿ ಬಳಕೆಗೆ ತೆರೆಯುವ ಕ್ರಮ. ಯಂತ್ರ ಹಳತಾದಾಗ, ಅಥವಾ ಚದುರಿದ ದಾಖಲೆಗಳನ್ನು ಒಂದೆಡೆ ತರುವಾಗ ಇದು ಬೇಕಾಗುತ್ತದೆ.

ಕರ್ನಾಟಕದಲ್ಲಿ ಇಂಥ ಸ್ಥಳಾಂತರದ ತೂಕ ಅರಿಯಲು 'ಭೂಮಿ' ಯೋಜನೆಯನ್ನು ನೋಡಬೇಕು. 2000ದ ಸುಮಾರಿಗೆ ಕಂದಾಯ ಇಲಾಖೆ ಜಾರಿಗೆ ತಂದ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು, ಅಂದರೆ ಜಮೀನಿನ ದಾಖಲೆಗಳು, ಕಂಪ್ಯೂಟರಿಗೆ ಬಂದವು. 15 ರೂಪಾಯಿಗೆ ಪಹಣಿ ಕೈಗೆ ಸಿಗತೊಡಗಿತು. ಮೊದಲು ದತ್ತಾಂಶ ಇದ್ದದ್ದು ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿ. ಮುಂದೆ ಅದು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿತು. ರೈತನಿಗೆ ಪಹಣಿಯ ಒಂದು ಸಾಲು ತಪ್ಪಿದರೂ ಬೆಳೆ ಸಾಲಕ್ಕೆ, ಪರಿಹಾರಕ್ಕೆ ಕುತ್ತು. ಆದ್ದರಿಂದ ಎಷ್ಟು ಬೇಗ ಸಾಗಿಸಿದರು ಎಂಬುದಕ್ಕಿಂತ ಏನೂ ಕಳೆಯಲಿಲ್ಲವೇ ಎಂಬುದೇ ಮುಖ್ಯ.

ಶನಿವಾರ ರಾತ್ರಿ ಪೂರ್ಣ ಬ್ಯಾಕಪ್ ತೆಗೆದರು, ಸೋಮವಾರ ಒಂದು ಮ್ಯುಟೇಶನ್, ಅಂದರೆ ಜಮೀನಿನ ಖಾತೆ ಬದಲಾವಣೆ, ಮಂಜೂರಾಯಿತು ಎನ್ನೋಣ. ಆ ಬ್ಯಾಕಪ್ಪಿನಲ್ಲಿ ಹೊಸ ಖಾತೆದಾರನ ಹೆಸರಿರುವುದಿಲ್ಲ. ಅದು ಇರುವುದು ಟ್ರಾನ್ಸಾಕ್ಷನ್ ಲಾಗ್‌ನಲ್ಲಿ, ಅಂದರೆ ಪ್ರತಿ ಬದಲಾವಣೆಯನ್ನೂ ಕ್ರಮವಾಗಿ ಬರೆದಿಡುವ ದಿನವಹಿಯಲ್ಲಿ. ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಪೂರ್ಣ ಬ್ಯಾಕಪ್ಪನ್ನು 'ನೋರಿಕವರಿ' ಸ್ಥಿತಿಯಲ್ಲಿ, ಯಾರಿಗೂ ತೆರೆಯದೆ ಇಳಿಸಿಡುತ್ತಾರೆ. ಅದರ ಮೇಲೆ ಲಾಗ್ ಬ್ಯಾಕಪ್ಪುಗಳನ್ನು ಒಂದಾದ ಮೇಲೊಂದು ಹಾಕುತ್ತಾರೆ. ನಡುವೆ ಒಂದು ಕಡತ ಇಲ್ಲವಾದರೆ ಅದರ ಮುಂದಿನವನ್ನು ಸರ್ವರ್ ಒಪ್ಪುವುದಿಲ್ಲ. ಕೊನೆಗೆ ಹಳೆಯ ಸರ್ವರಿನಲ್ಲಿ ಬರವಣಿಗೆ ನಿಲ್ಲಿಸಿ, ಉಳಿದ ತುದಿಯ ಲಾಗನ್ನೂ ತಂದು ಹಾಕಿ, 'ರಿಕವರಿ' ಆದೇಶದಿಂದ ತೆರೆಯುತ್ತಾರೆ. ದಿನಗಟ್ಟಲೆಯ ಕೆಲಸ ಹಿನ್ನೆಲೆಯಲ್ಲೇ ಮುಗಿದಿರುವುದರಿಂದ ಕೌಂಟರ್ ಮುಚ್ಚಬೇಕಾದದ್ದು ಈ ಕಡೆಯ ಹಂತಕ್ಕಷ್ಟೇ.

ತೊಡಕುಗಳೂ ಉಂಟು. ಹೊಸ ಆವೃತ್ತಿಯ ಬ್ಯಾಕಪ್ ಹಳೆಯ ಆವೃತ್ತಿಯಲ್ಲಿ ತೆರೆಯದು. ಲಾಗಿನ್‌ಗಳು ಸಾಮಾನ್ಯವಾಗಿ 'ಮಾಸ್ಟರ್' ಎಂಬ ಬೇರೆ ಡೇಟಾಬೇಸಿನಲ್ಲಿರುವುದರಿಂದ ಜೊತೆಗೆ ಬರುವುದಿಲ್ಲ. ಬಳಕೆದಾರರ ಹೆಸರಿದ್ದರೂ ಒಳಗೆ ಹೋಗಲಾಗದು. ಎನ್‌ಕ್ರಿಪ್ಟ್ ಆದ ಡೇಟಾಬೇಸಿಗೆ ಅದರ ಪ್ರಮಾಣಪತ್ರವನ್ನೂ ಒಯ್ಯಬೇಕು. ಕನ್ನಡಕ್ಕೆ ಇನ್ನೊಂದು ಎಚ್ಚರ: ಯುನಿಕೋಡ್‌ಗೆ ಮೊದಲಿನ ಫಾಂಟ್ ಸಂಕೇತದಲ್ಲಿ ಉಳಿದ ಹೆಸರುಗಳು ಬ್ಯಾಕಪ್ಪಿನಲ್ಲಿ ಹಾಗೇ ಬರುತ್ತವೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಲಿಪಿ ಪರಿವರ್ತನೆಯನ್ನು ಬೇರೆಯಾಗಿಯೇ ಮಾಡಬೇಕು.

ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ನಂಬಬಾರದು. 'ಚೆಕ್‌ಡಿಬಿ'ಯಂಥ ಆದೇಶ ಒಳಗಿನ ರಚನೆ ನೆಟ್ಟಗಿದೆಯೇ ಎಂದು ಹೇಳುತ್ತದೆ, ಯಾವ ಪಹಣಿ ಬಿಟ್ಟುಹೋಗಿದೆ ಎಂದು ಹೇಳುವುದಿಲ್ಲ. ಅದಕ್ಕೆ ಗ್ರಾಮವಾರು ಸರ್ವೆ ನಂಬರುಗಳ ಸಂಖ್ಯೆ, ಎಕರೆ-ಗುಂಟೆಗಳ ಮೊತ್ತ, ಕೊನೆಯ ಮ್ಯುಟೇಶನ್ ಕ್ರಮಾಂಕ ಇವನ್ನು ಎರಡೂ ಕಡೆ ತಾಳೆ ನೋಡಬೇಕು. ತಾಳೆಯಾಗುವ ತನಕ ಹೊಸ ಸರ್ವರಿನಲ್ಲಿ ಒಂದು ಮ್ಯುಟೇಶನನ್ನೂ ಬರೆಯಲು ಬಿಡಬಾರದು. ಬರೆದ ಮೇಲೆ ಹಿಂದಕ್ಕೆ ಹೋದರೆ, ಆ ಮ್ಯುಟೇಶನ್ ಹಳೆಯ ಸರ್ವರಿನಲ್ಲಿ ಇರುವುದಿಲ್ಲ.