ಪದದ ಬೆನ್ನು ಹತ್ತಿ – ಕಂತು 9: ಅಫೀಮು

ಹೋದ ವರ್ಷ ನಮ್ಮಜ್ಜಿಗೆ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ರಾತ್ರಿಯೆಲ್ಲ ನರಳಾಟ. ಡಾಕ್ಟರು ಮಾರ್ಫಿನ್ ಮಾತ್ರೆ ಬರೆದರು. ಮಾವ ಮೊಬೈಲಲ್ಲಿ ಹುಡುಕಿ ನೋಡಿ, "ಅಕ್ಕಾ, ಇದು ಅಫೀಮಂತೆ! ಅಮ್ಮಂಗೆ ಅಫೀಮು ಕೊಡೋದಾ?" ಅಂದ್ರು. ಅಷ್ಟೇ. ಆ ಒಂದು ಪದಕ್ಕೆ ಹೆದರಿ ಚೀಟಿ ನಾಲ್ಕು ದಿನ ಫ್ರಿಜ್ ಮೇಲೇ ಬಿದ್ದಿತ್ತು. ಆ ನಾಲ್ಕು ರಾತ್ರಿ ಅಜ್ಜಿ ಕಣ್ಣು ಮುಚ್ಚಲಿಲ್ಲ.

ಅಷ್ಟು ಹೆದರಿಸೋ ಪದ ಹುಟ್ಟಿದ್ದು ಎಲ್ಲಿ ಗೊತ್ತಾ?

ಗ್ರೀಕ್‌ನಲ್ಲಿ 'ಓಪೋಸ್' ಅಂದ್ರೆ ಗಿಡದ ರಸ, ಸೊನೆ. ಅದರಿಂದ 'ಓಪಿಯಾನ್', ಅಂದ್ರೆ ಗಸಗಸೆ ಕಾಯಿಯ ಸೊನೆ. ಹಸಿ ಕಾಯಿಗೆ ಗೀರು ಹಾಕಿದರೆ ಹಾಲಿನಂತೆ ಒಸರುತ್ತೆ, ಒಣಗಿದರೆ ಕಂದು ಅಂಟಾಗುತ್ತೆ. ಹೌದು, ನಾವು ಪಾಯಸಕ್ಕೆ ರುಬ್ಬೋ ಗಸಗಸೆ ಇದೇ ಗಿಡದ ಬೀಜ!

ಲ್ಯಾಟಿನ್‌ಗೆ ಹೋಗಿ ಅದು 'ಓಪಿಯಂ' ಆಯ್ತು. ಅರಬ್ಬಿಯಲ್ಲಿ 'ಪ' ಅಕ್ಷರ ಇಲ್ಲ, ಹಾಗಾಗಿ ಅಲ್ಲಿ 'ಅಫ್ಯೂನ್'. ಪಾರಸಿ ದಾಟಿ ನಮ್ಮಲ್ಲಿಗೆ ಬರೋ ಹೊತ್ತಿಗೆ 'ಅಫೀಮು'. ಸಂಸ್ಕೃತದಲ್ಲಿ ಇದಕ್ಕೆ 'ಅಹಿಫೇನ' ಅಂತಾರೆ. ಅಹಿ ಅಂದ್ರೆ ಹಾವು, ಫೇನ ಅಂದ್ರೆ ನೊರೆ. ಹೊರಗಿಂದ ಬಂದ ದನಿಗೆ ಇಲ್ಲಿಯ ಅರ್ಥ ಹೊಲಿದದ್ದು ಅನ್ನೋದು ಭಾಷಾತಜ್ಞರ ಮಾತು. ಗ್ರೀಕರ ಬರೀ 'ರಸ' ನಮ್ಮಲ್ಲಿ ಹಾವಿನ ನೊರೆ ಆಗಿಬಿಡ್ತು!

ಇನ್ನು ಮಾರ್ಫಿನ್. 1800ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ಪಾಡರ್‌ಬಾರ್ನ್‌ನ ಔಷಧಿ ಅಂಗಡಿಯಲ್ಲಿ ಸಹಾಯಕನಾಗಿದ್ದ ಫ್ರೀಡ್ರಿಷ್ ಸೆರ್ಟ್ಯೂರ್ನರ್ ಅನ್ನೋ ಇಪ್ಪತ್ತರ ಆಸುಪಾಸಿನ ಹುಡುಗ, ಅಫೀಮಿನಿಂದ ನೋವು ಅಡಗಿಸೋ ಅಂಶವನ್ನು ಬೇರ್ಪಡಿಸಿದ. ಆಮೇಲೆ ಅದಕ್ಕಿಟ್ಟ ಹೆಸರು 'ಮಾರ್ಫಿಯಂ'. ಕನಸಿನ ದೇವತೆ ಮಾರ್ಫಿಯಸ್ ನೆನಪಿಗೆ.

ಸುದ್ದಿಯಲ್ಲಿ ದಿನಾ ಕೇಳೋ 'ನಾರ್ಕೋಟಿಕ್' ಇದೆಯಲ್ಲ, ಅದರ ಮೂಲ 'ನಾರ್ಕೆ'. ಅಂದ್ರೆ ಜೋಮು! ಕಾಲು ಮಡಚಿ ಕೂತರೆ ಹಿಡಿಯುತ್ತಲ್ಲ, ಅದೇ. ವೈದ್ಯರ ಪದ ಈಗ ಪೊಲೀಸರ ಪದ.

ಹಾಗಂತ ಮಾವನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬ್ರಿಟಿಷರು ನಮ್ಮ ನೆಲದಲ್ಲಿ ಬೆಳೆಸಿದ ಅಫೀಮನ್ನು ಚೀನಾಕ್ಕೆ ಸುರಿದರು. ತಡೆಯಲು ಹೊರಟ ಚೀನಾದ ಮೇಲೆ 1839ರಲ್ಲಿ ಯುದ್ಧಕ್ಕೇ ನಿಂತರು. 1898ರಲ್ಲಿ ಬೇಯರ್ ಕಂಪನಿ ಮಾರ್ಫಿನ್‌ನಿಂದ ತಯಾರಿಸಿದ 'ಹೆರಾಯಿನ್' ಅನ್ನು ಕೆಮ್ಮಿನ ಔಷಧಿ ಅಂತ ಮಾರಿತು. ಚಟದ ಕಥೆ ನಿಜ.

ಆದರೆ ಭಯ ಇನ್ನೊಂದು ಕಡೆಯೂ ಹೊಡೆಯಿತು. 1985ರ ಮಾದಕವಸ್ತು ಕಾಯ್ದೆಯ ಕಠಿಣ ಶಿಕ್ಷೆ, ಒಂದರ ಮೇಲೊಂದು ಲೈಸೆನ್ಸು ನೋಡಿ ಎಷ್ಟೋ ಆಸ್ಪತ್ರೆ, ಅಂಗಡಿಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದೇ ಅಫೀಮು ಬೆಳೆಯೋ ದೇಶ ನಮ್ಮದು. ಹೊರದೇಶಕ್ಕೂ ಕಳಿಸ್ತೀವಿ. ನಮ್ಮ ರೋಗಿಗೆ ಮಾತ್ರ ಸಿಗ್ತಿರಲಿಲ್ಲ. 2014ರ ತಿದ್ದುಪಡಿ ಬಂದು ನಿಯಮ ಸಡಿಲವಾಯ್ತು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಂತೂ 1977ರಿಂದಲೇ ಮಾರ್ಫಿನ್ ಇದೆ.

ಕಾನೂನು ಬದಲಾಯ್ತು. ಪದಕ್ಕೆ ಅಂಟಿದ ಕಳಂಕ ಹೋಗಬೇಕಲ್ಲ?

ಐದನೇ ದಿನ ಡಾಕ್ಟರು ಮಾವನನ್ನು ಕೂರಿಸಿಕೊಂಡು ಹೇಳಿದರು: ಅಳತೆ ನೋಡಿ, ಹೊತ್ತು ಹೊತ್ತಿಗೆ, ನಾವು ಹೇಳಿದಷ್ಟೇ ಕೊಡಿ. ನೋವಿಗೆ ಔಷಧಿ ಕೊಡೋದು ಬೇರೆ, ನಶೆಗೆ ತಗೊಳ್ಳೋದು ಬೇರೆ. ಮೊದಲ ಮಾತ್ರೆ ಮಾವನೇ ಕೊಟ್ಟರು. ಆ ರಾತ್ರಿ ಅಜ್ಜಿ ಮಲಗಿದರು. ಬೆಳಿಗ್ಗೆ ಎದ್ದು ಕೇಳಿದ ಮೊದಲ ಮಾತು, "ಇಷ್ಟು ಬೇಗ ಬೆಳಗಾಯ್ತೇನೇ?"

ಅಜ್ಜಿ ಈಗ ಇಲ್ಲ. ಆದರೆ ಕೊನೆಯ ಎರಡು ತಿಂಗಳು ನಮ್ಮ ಜೊತೆ ಮಾತಾಡಿಕೊಂಡಿದ್ದರು. ಆ ನಾಲ್ಕು ರಾತ್ರಿಗಳನ್ನು ಮಾತ್ರ ಅವರಿಗೆ ವಾಪಸ್ ಕೊಡೋಕೆ ನಮ್ಮಿಂದ ಆಗಲ್ಲ.

ನಿಮ್ಮ ಮನೇಲಿ ಯಾರಿಗಾದರೂ ಈ ಚೀಟಿ ಸಿಕ್ಕರೆ ಪದಕ್ಕೆ ಹೆದರಬೇಡಿ, ಡಾಕ್ಟರನ್ನೇ ಕೇಳಿ. ಅವರನ್ನು ಕೇಳದೆ ತಗೋಳೋದೂ ಬೇಡ.

ಮುಂದಿನ ಕಂತು: ಆಸ್ಪಿರಿನ್.

#ಪದದಬೆನ್ನುಹತ್ತಿ #ಕನ್ನಡ #ಪದಚರಿತ್ರೆ