ಬಾದಾಮಿಯವರು ಸಮುದ್ರ ದಾಟಿದ್ದು

ನಮ್ಮ ಬಾಗಲಕೋಟೆ ಜಿಲ್ಲೆಯ ನಕಾಶೆಯನ್ನು ಎಷ್ಟು ತಿರುಗಿಸಿ ನೋಡಿದರೂ ಸಮುದ್ರದ ಸುಳಿವು ಸಿಗೋದಿಲ್ಲ. ಬಿಸಿಲು, ಜೋಳ, ಬಾದಾಮಿಯ ಕೆಂಪು ಬಂಡೆ, ಇಳಕಲ್ಲಿನ ಸೀರೆ ಮತ್ತು ಗ್ರಾನೈಟು, ಇಷ್ಟು ನಮ್ಮ ಆಸ್ತಿ. ನೀರು ಅಂದರೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ. ಹುನಗುಂದ ಕಡೆಯವರಿಗೆ ದೋಣಿ ಪ್ರಯಾಣ ಅಂದರೆ ಕೂಡಲಸಂಗಮದಿಂದ ಆಚೆ ದಂಡೆಯ ತಂಗಡಗಿಗೆ, ನೀಲಮ್ಮನ ಗುಡಿಗೆ ಹೋಗಿ ಬರೋದು. ಇಂಥ ನೆಲದಿಂದ ಹೊರಟ ಸೈನ್ಯ ಎರಡು ಸಲ ಅರಬ್ಬೀ ಸಮುದ್ರಕ್ಕಿಳಿದು, ಒಮ್ಮೆ ಒಂದು ದ್ವೀಪವನ್ನು, ಇನ್ನೊಮ್ಮೆ ಒಂದು ದೊಡ್ಡ ಬಂದರು ಪಟ್ಟಣವನ್ನು ಗೆದ್ದಿತ್ತು ಅಂದರೆ ನಮ್ಮೂರಾಗ ಅರ್ಧ ಮಂದಿ ನಗ್ತಾರೆ. ಆದರೆ ಹಾಗೆಂದು ಬರೆದ ಕಲ್ಲು ನಮ್ಮ ಹುನಗುಂದ ತಾಲ್ಲೂಕಿನಲ್ಲೇ ಇದೆ.

ಐಹೊಳೆಗೆ ಹೋದವರು ದುರ್ಗದ ಗುಡಿ, ಲಾಡಖಾನ ಗುಡಿ ನೋಡಿ ಬಸ್ಸು ಹತ್ತಿಬಿಡುತ್ತಾರೆ. ಮೆಟ್ಟಿಲು ಹತ್ತಿ ಮೇಗುತಿ ಗುಡ್ಡಕ್ಕೆ ಹೋಗೋರು ಕಡಿಮೆ. ಅಲ್ಲಿರುವ ಜೈನ ಬಸದಿಯ ಹೊರಗೋಡೆಯಲ್ಲಿ 19 ಸಾಲಿನ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಶಕ ವರ್ಷ 556, ಅಂದರೆ ಕ್ರಿ.ಶ. 634ರ ಸುಮಾರಿನದು. ಬಸದಿ ಕಟ್ಟಿಸಿದವನೂ ಶಾಸನ ಬರೆದವನೂ ಒಬ್ಬನೇ, ರವಿಕೀರ್ತಿ. ಕಾಳಿದಾಸ, ಭಾರವಿಗಳಿಗೆ ತನ್ನನ್ನು ಸರಿಸಮ ಅಂದುಕೊಂಡ ಕವಿ ಇವನು. ಎರಡನೇ ಪುಲಕೇಶಿ ನರ್ಮದೆಯ ಕಡೆ ಹರ್ಷನನ್ನು ತಡೆದ ಸಂಗತಿಯನ್ನು ಶಾಲೆಯಲ್ಲಿ ಓದಿದ್ದೇವಲ್ಲ, ಅದನ್ನು ಹೇಳುವುದೂ ಇದೇ ಕಲ್ಲು. ಸಮುದ್ರದ ಎರಡು ಸಂಗತಿ ಮಾತ್ರ ಪಠ್ಯಪುಸ್ತಕದಲ್ಲಿ ಒಂದೊಂದು ಸಾಲಿಗೆ ಮುಗಿದುಹೋಗುತ್ತವೆ.

ಮೊದಲನೆಯದು ಪುಲಕೇಶಿಯ ಚಿಕ್ಕಪ್ಪ ಮಂಗಳೇಶನದು. ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನವಿದೆಯಲ್ಲ, ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಆ ವಿಷ್ಣು ಗುಹೆ ಮಾಡಿಸಿದವನು ಇವನೇ. ಅಣ್ಣನ ನಂತರ ಪಟ್ಟಕ್ಕೆ ಬಂದು ರೇವತೀದ್ವೀಪವನ್ನು ವಶ ಮಾಡಿಕೊಂಡ. ರವಿಕೀರ್ತಿಯ ವರ್ಣನೆಯ ಸಾರ ಇಷ್ಟು: ಬಾವುಟಗಳ ಸಮೇತ ಇವನ ಸೈನ್ಯದ ನೆರಳು ಕಡಲಲ್ಲಿ ಬಿದ್ದಾಗ, ವರುಣನೇ ತನ್ನ ದಂಡನ್ನು ಇವನ ಸೇವೆಗೆ ಕಳಿಸಿದ ಹಾಗೆ ಕಾಣುತ್ತಿತ್ತಂತೆ.

ಕವಿತೆ ಸರಿ, ದಾಟಿದ್ದು ಹೆಂಗ? ಇದಕ್ಕೆ ಉತ್ತರ ಸಿಗೋದು ನಾಲ್ಕುನೂರು ವರ್ಷ ಆದಮೇಲೆ. ಕಲ್ಯಾಣದ ಚಾಲುಕ್ಯ ಐದನೇ ವಿಕ್ರಮಾದಿತ್ಯನ ಕೌಠೇಮ್ ತಾಮ್ರಪಟ 1009ರದು. ಮಂಗಳೇಶನ ಸೈನ್ಯ ದೋಣಿಗಳ ಸೇತುವೆ ಕಟ್ಟಿಕೊಂಡು ಸಮುದ್ರ ದಾಟಿತು ಎಂದು ಅದು ಹೇಳುತ್ತದೆ. ಅಷ್ಟು ತಡವಾಗಿ ಬರೆದದ್ದನ್ನು ಎಷ್ಟು ನಂಬಬೇಕು ಅನ್ನೋದು ಬೇರೆ ಪ್ರಶ್ನೆ. ಆದರೆ ಈ ಮಾತಿಗೆ ಒಂದು ತರ್ಕ ಇದೆ. ದೋಣಿಗಳನ್ನು ಸಾಲಾಗಿ ಲಂಗರು ಹಾಕಿ ನಿಲ್ಲಿಸಿ, ಹಗ್ಗದಿಂದ ಬಿಗಿದು, ಮೇಲೆ ಹಲಗೆ ಹಾಸಿದರೆ ಕಾಲಾಳು, ಕುದುರೆ ಎಲ್ಲ ನಡೆದೇ ಹೋಗಬಹುದು. ಭರತ ಬಂದಾಗ ಸೇತುವೆ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯಾದ ಕ್ಸೆರ್ಕ್ಸಸ್ ಹೀಗೇ ಹಡಗುಗಳನ್ನು ಸಾಲಿಟ್ಟು ಏಷ್ಯಾದಿಂದ ಯುರೋಪಿಗೆ ದಾಟಿದ. ಅವನ ಮೊದಲ ಸೇತುವೆಯನ್ನು ಬಿರುಗಾಳಿ ಮುರಿದುಹಾಕಿತು, ಸಿಟ್ಟಿಗೆದ್ದ ದೊರೆ ಸಮುದ್ರಕ್ಕೇ ಚಾಟಿಯೇಟು ಹಾಕಿಸಿದ ಎಂದು ಹೆರೊಡೋಟಸ್ ಬರೆದಿದ್ದಾನೆ. ಅಂದರೆ ಇಂಥ ಸೇತುವೆ ನಡೆಯೋದು ಕಿರಿದಾದ ನೀರಲ್ಲಿ ಮಾತ್ರ, ನಡುಗಡಲಲ್ಲಿ ಅಲ್ಲ.

ರೇವತೀದ್ವೀಪ ಎಂದರೆ ಗೋವೆಯ ಉತ್ತರ ಅಂಚಿಗೆ ಹತ್ತಿಕೊಂಡಿರುವ, ವೆಂಗುರ್ಲಾ ತಾಲ್ಲೂಕಿನ ರೇಡಿ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಇವತ್ತು ಅದು ದ್ವೀಪವಲ್ಲ, ಕಡಲಿಗೆ ಚಾಚಿದ ನೆಲ, ಪಕ್ಕದಲ್ಲಿ ಹಿನ್ನೀರಿನ ಖಾರಿ. ದೋಣಿಸೇತುವೆಯ ಮಾತು ಇಂಥ ಜಾಗಕ್ಕೆ ಸರಿಯಾಗಿ ಕೂರುತ್ತದೆ ಅನ್ನೋದು ನನ್ನ ಅಂದಾಜು.

ಇನ್ನೊಂದು ಮಾತು. ಬಾದಾಮಿಯಿಂದ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ 200 ಕಿಲೋಮೀಟರ್ ದಾಟುತ್ತಲೇ ರೇಡಿಯ ಹತ್ತಿರ ಹೋಗಿ ಮುಟ್ಟುತ್ತದೆ. ಪಟ್ಟದಕಲ್ಲು, ಐಹೊಳೆಗಳ ಪಕ್ಕ ಹರಿಯುವ ಮಲಪ್ರಭಾ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಹೊಳೆ ಹಿಡಿದು ಮೇಲಕ್ಕೆ ಹೋದರೆ ಘಟ್ಟದ ನೆತ್ತಿ, ಅಲ್ಲಿಂದ ಇಳಿದರೆ ಗೋವೆ. ಚಾಲುಕ್ಯರಿಗೆ ಸಮುದ್ರ ಅಷ್ಟೇನೂ ದೂರ ಇರಲಿಲ್ಲ. ಗೆದ್ದ ಮೇಲೆ ಅದನ್ನು ಬಿಟ್ಟೂ ಬರಲಿಲ್ಲ. ಸುಮಾರು 610ರ ಗೋವಾ ತಾಮ್ರಪಟದ ಪ್ರಕಾರ ಸತ್ಯಾಶ್ರಯ ಧ್ರುವರಾಜ ಇಂದ್ರವರ್ಮ ಎಂಬ ಅಧಿಕಾರಿ ರೇವತೀದ್ವೀಪದಲ್ಲೇ ಕುಳಿತು ಆಡಳಿತ ನಡೆಸುತ್ತಿದ್ದ. ಮಂಗಳೇಶನಿಗೆ ಮಾತ್ರ ಅದರ ಸುಖ ದಕ್ಕಲಿಲ್ಲ. ಮಗನಿಗೆ ಪಟ್ಟ ಕಟ್ಟಲು ಹೋಗಿ, ಅಣ್ಣನ ಮಗ ಪುಲಕೇಶಿಯ ಜೊತೆ ಕಾದಾಡಿ ರಾಜ್ಯವನ್ನೂ ಜೀವವನ್ನೂ ಕಳಕೊಂಡ.

ಎರಡನೆಯದು ಆ ಪುಲಕೇಶಿಯ ದಂಡಯಾತ್ರೆ. ಮೊದಲು ಕೊಂಕಣದ ಮೌರ್ಯರನ್ನು ಸೋಲಿಸಿದ, ಆಮೇಲೆ ಪುರಿಗೆ ಮುತ್ತಿಗೆ ಹಾಕಿದ. ಆ ಪಟ್ಟಣವನ್ನು ರವಿಕೀರ್ತಿ ಪಶ್ಚಿಮ ಸಮುದ್ರದ ಲಕ್ಷ್ಮಿ ಎನ್ನುತ್ತಾನೆ. ನೂರಾರು ಹಡಗುಗಳು ಮದವೇರಿದ ಆನೆಗಳ ಹಾಗೆ ನುಗ್ಗಿದವಂತೆ, ಮೋಡ ಕವಿದ ಆಕಾಶ ಯಾವುದು, ಸಮುದ್ರ ಯಾವುದು ಗೊತ್ತಾಗದ ಹಾಗೆ ಎರಡೂ ಒಂದೇ ಬಣ್ಣವಾದವಂತೆ. ಈ ಪುರಿ ಯಾವುದು ಎಂಬ ಬಗ್ಗೆ ಒಮ್ಮತವಿಲ್ಲ. ಮುಂಬೈ ಬಂದರಿನ ಘಾರಾಪುರಿ, ಅಂದರೆ ಎಲಿಫೆಂಟಾ ಎಂದು ಹಲವರು, ಜಂಜಿರಾ ಹತ್ತಿರದ ರಾಜಪುರಿ ಎಂದು ಕೆಲವರು.

ಎಲಿಫೆಂಟಾಕ್ಕೆ ಒಮ್ಮೆ ಮೇ ತಿಂಗಳ ಕೊನೆಗೆ ಅವ್ವನ ಜೊತೆ ಹೋಗಿದ್ದೆ. ಗೇಟ್‌ವೇಯಿಂದ ಹತ್ತು ಕಿಲೋಮೀಟರ್, ಲಾಂಚಿನಲ್ಲಿ ಒಂದು ತಾಸು. ಮಳೆಗಾಲದ ಮುಂಚಿನ ಗಾಳಿ ಶುರುವಾಗಿತ್ತು. ದಡ ಬಿಟ್ಟು ಸ್ವಲ್ಪ ದೂರ ಹೋಗುತ್ತಲೇ ಲಾಂಚಿನ ಮೂತಿ ಮೇಲೆದ್ದು ಧೊಪ್ಪನೆ ಬೀಳೋಕೆ ಹತ್ತಿತು. ಉಪ್ಪುನೀರು ಮುಖಕ್ಕೇ ರಾಚುತ್ತಿತ್ತು. ಎದುರಿನ ಬೆಂಚಿನಲ್ಲಿ ಒಬ್ಬರಿಗೆ ವಾಂತಿ. ಅವ್ವ ಎರಡೂ ಕೈಯಿಂದ ಕಂಬಿ ಹಿಡಿದು, ಸೆರಗು ಹಲ್ಲಲ್ಲಿ ಕಚ್ಚಿಕೊಂಡು ಕುಂತಿದ್ದಳು. ಧೈರ್ಯ ಬರಲಿ ಅಂತ ಪುಲಕೇಶಿಯ ಕಥೆ ಹೇಳಿದೆ. ಪೂರ್ತಿ ಕೇಳಿ ಅಂದಳು: "ಯಪ್ಪಾ, ಈ ಕುಣ್ಯಾಟದಾಗ ಕುದುರಿ ಹೆಂಗ ನಿಂತಾವು? ಅವಕ್ಕ ಕುಡ್ಯಾಕ ಸೀ ನೀರು ಎಲ್ಲಿಂದ ತಂದ್ರು?"

ನಾನು ಓದಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇರಲಿಲ್ಲ. ಹಡಗುಗಳಂತೂ ಬಾದಾಮಿಯಲ್ಲಿ ತಯಾರಾದವಲ್ಲ. ಆ ಕಾಲದಲ್ಲಿ ಈ ಕಡಲಿನ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅದು ಕರಾವಳಿಯವರ ಕಸುಬು. ಮೌರ್ಯರನ್ನು ಗೆದ್ದ ಮೇಲೆಯೇ ಪುರಿಯ ಮಾತು ಬರುವುದರಿಂದ, ಹಡಗೂ ಅಂಬಿಗರೂ ಸೋತ ಕೊಂಕಣದಿಂದಲೇ ಬಂದಿರಬೇಕು. ಯಾವಾಗ ಗಾಳಿ ತಿರುಗುತ್ತದೆ, ಯಾವ ತಿಂಗಳು ಕಡಲಿಗೆ ಇಳಿಯಬಾರದು ಅನ್ನೋದು ಅವರಿಗೆ ಗೊತ್ತಿತ್ತು. ಹೊಳೆದಂಡೆಯ ನಮ್ಮ ಹುಡುಗರಿಗೆ ಎಲ್ಲಿ ಗೊತ್ತಿರಬೇಕು? ಹರಿಗೋಲಲ್ಲಿ ಮಲಪ್ರಭಾ ದಾಟಿದವರು ಈ ಅಲೆಗಳ ಮೇಲೆ ಬಿಲ್ಲು, ಭರ್ಚಿ ಹಿಡಿದು ನಿಂತರು. ಎಷ್ಟು ಮಂದಿ ತಿರುಗಿ ಬಂದರು ಅನ್ನೋದು ಶಾಸನದಲ್ಲಿಲ್ಲ. ಒಬ್ಬನ ಹೆಸರೂ ಇಲ್ಲ.

ಇಷ್ಟೆಲ್ಲ ಯಾಕೆ ಅಂದರೆ ವ್ಯಾಪಾರಕ್ಕೆ. 6ನೇ ಶತಮಾನದಲ್ಲಿ ಕೋಸ್ಮಾಸ್ ಎಂಬ ಗ್ರೀಕ್ ವ್ಯಾಪಾರಿ ಭಾರತದ ದೊಡ್ಡ ಬಂದರುಗಳನ್ನು ಹೆಸರಿಸುವಾಗ ಮುಂಬೈ ಹತ್ತಿರದ ಕಲ್ಯಾಣವನ್ನೂ, ಅಲ್ಲಿಂದ ಹೋಗುವ ತಾಮ್ರ ಮತ್ತು ಬಟ್ಟೆಯನ್ನೂ ಹೇಳುತ್ತಾನೆ. ಬಂದರು ಕೈಗೆ ಬಂದರೆ ಸುಂಕ ಕೈಗೆ ಬಂತು. ಆ ಆಸೆ ಚಾಲುಕ್ಯರದಷ್ಟೇ ಅಲ್ಲ. ಐಹೊಳೆ ಶಾಸನ ಬರೆದ ಎರಡು ಮೂರು ವರ್ಷದಲ್ಲೇ ಅರಬರ ಒಂದು ದಂಡು ಹಡಗಿನಲ್ಲಿ ಠಾಣೆಗೆ ಬಂತು. ಜನರನ್ನು ಹೀಗೆ ಸಮುದ್ರದ ಪಾಲು ಮಾಡಬೇಡ ಎಂದು ಖಲೀಫ ಉಮರ್ ತನ್ನ ಅಧಿಕಾರಿಯನ್ನು ಬೈದ ಎಂದು ಅರಬ್ ಇತಿಹಾಸಕಾರ ಬಲಾಧುರಿ ದಾಖಲಿಸಿದ್ದಾನೆ. ದೊರೆಯಾಗಿದ್ದೂ ನಮ್ಮವ್ವನ ಹಾಗೆ ವಿಚಾರ ಮಾಡಿದ ಮನುಷ್ಯ!

ನಮ್ಮ ಕಡೆ ಚಾಲುಕ್ಯ ಉತ್ಸವದಲ್ಲಿ ಪುಲಕೇಶಿಯ ಪರಾಕ್ರಮ ಹೇಳುವಾಗ ಎದೆ ಉಬ್ಬುತ್ತದೆ, ನನ್ನದೂ ಸೇರಿ. ಆದರೆ ರವಿಕೀರ್ತಿ ಕಲ್ಲಿಗೆ ಬರೆಸಿದ ಎಂಟು ವರ್ಷಕ್ಕೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ವಾತಾಪಿ ಗೆದ್ದವನು ಎಂದು ಬಿರುದು ಹಚ್ಚಿಕೊಂಡು, ಬಾದಾಮಿಯ ಬಂಡೆಯ ಮೇಲೇ ಅದನ್ನು ಕೆತ್ತಿಸಿದ. ಆ ಅಕ್ಷರ ಈಗಲೂ ಅಲ್ಲಿವೆ. ಅದನ್ನು ಓದುವಾಗ ನಮಗೆ ಸಂಕಟ ಆಗುತ್ತದೆ. ಮೇಗುತಿಯ ಕಲ್ಲಿನಲ್ಲಿ ಪುರಿಯ ಸಾಲು ಬಂದಾಗಲೂ ಅಷ್ಟೇ ಆಗಬೇಕಲ್ಲ. ಆವತ್ತು ಪುರಿಯ ದಂಡೆಯಲ್ಲಿ ನಿಂತವರಿಗೆ ನೀರಿನಿಂದ ಎದ್ದು ಬರುತ್ತಿದ್ದ ನೂರಾರು ಹಡಗುಗಳು ಕಂಡಿರುತ್ತವೆ. ಅವರ ಪರವಾಗಿ ಬರೆದ ಕಲ್ಲು ಒಂದೂ ನಮಗೆ ಸಿಕ್ಕಿಲ್ಲ.

ಐಹೊಳೆಗೆ ಹೋದಾಗ ಆ ಮೆಟ್ಟಿಲು ಹತ್ತಿರಿ. ಮೇಲೆ ನಿಂತರೆ ಕೆಳಗೆ ಮಲಪ್ರಭಾ ಕಾಣುತ್ತದೆ. ಬೇಸಿಗೆಯಲ್ಲಿ ಅದನ್ನು ನಡೆದೇ ದಾಟಬಹುದು.